ಕ್ಷೇಮಪಾಲಕರ ರಾತ್ರಿಯ ಗಂಟೆಗಳನ್ನು ಯಾವ ಖಾತೆಗೆ ಬರೆಯಬೇಕು?

2025ರ ಡಿಸೆಂಬರ್ ತಿಂಗಳಿನಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪಂಪುಗಳ ಬಿಡಿಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಕಛೇರಿಗೆ ಬಂದಿದ್ದರು. ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅಲ್ಲಿಯೇ ಉದ್ಯೋಗ ಹುಡುಕುತ್ತಿರುವ ಈ ಹುಡುಗಿ ಮೂರು ವಾರಗಳ ಮಟ್ಟಿಗೆ ಊರಿಗೆ ಬಂದಿದ್ದಳು. ಆ ಬೇಸಿಗೆಯಲ್ಲಿ ಆರು ವಾರ ಅಲ್ಲಿನ ಒಂದು ವಸತಿ ಭಾಷಾ ಶಾಲೆಯಲ್ಲಿ ಆಕೆ ಗಳಿಸಿದ ಹಣವನ್ನು ಇಲ್ಲಿಯ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಬೇಕೇ ಎಂಬುದು ತಂದೆಯ ಪ್ರಶ್ನೆ. ದಿನಗಳ ಲೆಕ್ಕದಲ್ಲಿ ಆಕೆ ಆ ವರ್ಷ ಅನಿವಾಸಿ. ವಿದೇಶದಲ್ಲಿ ದುಡಿದು ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಉತ್ತರ ಎರಡು ನಿಮಿಷದಲ್ಲಿ ಮುಗಿಯಿತು. ಆದರೆ ಮೇಜಿನ ಮೇಲಿದ್ದ ಸಂಬಳದ ಚೀಟಿಯನ್ನು ನೋಡಿದ ಮೇಲೆ ಅದನ್ನು ಹಾಗೆಯೇ ಮಡಚಿ ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಇದು ಬಹುಶಃ ನಮ್ಮ ವೃತ್ತಿಯ ದೋಷ.

ಈ ಶಾಲೆಗಳ ವ್ಯವಹಾರವನ್ನು ಮೊದಲು ತಿಳಿಯಬೇಕು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಇಂಗ್ಲೆಂಡಿನ ವಸತಿ ಶಾಲೆಗಳೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ನಿಲಯಗಳೂ ಖಾಲಿ ಬೀಳುತ್ತವೆ. ಭಾಷಾ ಶಾಲೆಗಳು ಆ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಇಟಲಿ, ಸ್ಪೇನ್, ಫ್ರಾನ್ಸ್, ಟರ್ಕಿ, ಚೀನಾ ಮೊದಲಾದ ದೇಶಗಳಿಂದ ಬರುವ ಹದಿಹರೆಯದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಕ್ಯಾಂಟರ್‌ಬರಿಗಳಲ್ಲಿಯೂ ಬ್ರೈಟನ್, ಈಸ್ಟ್‌ಬೋರ್ನ್, ಬೋರ್ನ್‌ಮತ್ ಮುಂತಾದ ಕಡಲ ತೀರದ ಊರುಗಳಲ್ಲಿಯೂ ಇದು ಬಹುಕಾಲದಿಂದ ಬೇರೂರಿದ ಉದ್ಯಮ. ಬೆಳಗ್ಗೆ ಪಾಠ, ಮಧ್ಯಾಹ್ನ ಆಟ ಅಥವಾ ಪ್ರವಾಸ, ಸಂಜೆ ಮನರಂಜನೆ. ವಸತಿ ಊಟ ಸೇರಿ ಒಂದು ಮಗುವಿಗೆ ವಾರಕ್ಕೆ ಸಾವಿರ ಪೌಂಡಿನ ಆಸುಪಾಸಿನ ಶುಲ್ಕ ಅಲ್ಲಿ ಅಸಾಮಾನ್ಯವೇನಲ್ಲ.

ಪಾಠ ಮಾಡಲು ಶಿಕ್ಷಕರಿರುತ್ತಾರೆ, ಆಟ ಆಡಿಸಲು ಚಟುವಟಿಕೆ ನಾಯಕರಿರುತ್ತಾರೆ. ಉಳಿದದ್ದೆಲ್ಲವೂ ಕ್ಷೇಮಪಾಲನೆಯ ವಿಭಾಗಕ್ಕೆ ಸೇರುತ್ತದೆ. ಈ ವಿಭಾಗದಲ್ಲಿ ವೆಲ್‌ಫೇರ್ ಆಫೀಸರ್, ವೆಲ್‌ಫೇರ್ ಅಸಿಸ್ಟೆಂಟ್, ಹೌಸ್ ಪೇರೆಂಟ್ ಎಂಬ ಹುದ್ದೆಗಳಿವೆ. ನಮ್ಮ ಹುಡುಗಿ ಹೌಸ್ ಪೇರೆಂಟ್ ಆಗಿದ್ದಳು. ಒಂದು ಮನೆಯ ಇಪ್ಪತ್ತು ಹುಡುಗಿಯರು ಆಕೆಯ ಹೊಣೆ. ಬಂದ ದಿನ ಮಕ್ಕಳ ಪಾಸ್‌ಪೋರ್ಟು ಮತ್ತು ಕೈಖರ್ಚಿನ ಹಣವನ್ನು ಎಣಿಸಿ ಸಹಿ ಪಡೆದು ಪೆಟ್ಟಿಗೆಯಲ್ಲಿಡುವುದು, ಯಾರಿಗೆ ಶೇಂಗಾ ಒಗ್ಗದು ಯಾರಿಗೆ ಹಾಲು ಒಗ್ಗದು ಎಂಬ ಪಟ್ಟಿಯನ್ನು ಅಡುಗೆಮನೆಗೆ ಮುಟ್ಟಿಸುವುದು, ತಂದೆತಾಯಿಗಳ ಲಿಖಿತ ಒಪ್ಪಿಗೆ ನೋಡಿ ಔಷಧ ಕೊಟ್ಟು ವೇಳೆಯನ್ನು ನೋಂದಣಿ ಪುಸ್ತಕದಲ್ಲಿ ಬರೆಯುವುದು, ಪ್ರವಾಸದ ಬಸ್ಸು ಹತ್ತುವಾಗ ಒಮ್ಮೆ ಇಳಿಯುವಾಗ ಒಮ್ಮೆ ತಲೆ ಎಣಿಸುವುದು, ರಾತ್ರಿ ಹತ್ತೂವರೆಗೆ ದೀಪ ಆರಿಸಿ ಕೋಣೆ ಕೋಣೆಗೂ ಹೋಗಿ ಬರುವುದು. ಇದು ಪತ್ರದಲ್ಲಿದ್ದ ಕೆಲಸ.

ಪತ್ರದಲ್ಲಿಲ್ಲದ ಕೆಲಸ ರಾತ್ರಿ ಒಂದು ಗಂಟೆಗೆ ಆರಂಭವಾಗುತ್ತಿತ್ತು. ಮೊದಲ ಬಾರಿಗೆ ಮನೆ ಬಿಟ್ಟು ಬಂದ ಹನ್ನೆರಡು ವರ್ಷದ ಮಗು ಬಾಗಿಲು ತಟ್ಟಿ ಅಳುತ್ತ ನಿಲ್ಲುತ್ತದೆ. ಆ ಮಗುವಿಗೆ ಇಂಗ್ಲಿಷ್ ಬಾರದು, ಈಕೆಗೆ ಇಟಾಲಿಯನ್ ಬಾರದು. ಹೊಟ್ಟೆನೋವೆಂದು ಒಬ್ಬಳು, ಕೆಟ್ಟ ಕನಸೆಂದು ಇನ್ನೊಬ್ಬಳು. ಮೂರನೆಯ ವಾರ ಒಬ್ಬ ಹುಡುಗಿಗೆ ಜ್ವರ ಏರಿ, ತುರ್ತು ವೈದ್ಯಕೀಯ ಸಹಾಯವಾಣಿಗೆ ಕರೆಮಾಡಿ, ಬೆಳಗಿನ ಜಾವದವರೆಗೆ ಪಕ್ಕದಲ್ಲಿ ಕುಳಿತಿದ್ದಾಗಿ ಆಕೆ ಹೇಳಿದಳು. “ಹೆದರಿಕೆ ಆಗಿತ್ತು ಕಾಕಾ. ಅವಳ ತಾಯಿ ನಮ್ಮನ್ನ ನಂಬಿ ಕಳಿಸ್ಯಾಳಲ್ಲ ಅನ್ನೋದೇ ತಲ್ಯಾಗ ಓಡ್ತಿತ್ತು” ಎಂದಳು. ಸಂಬಳದ ವಿಷಯವನ್ನು ಆಕೆ ತಾನಾಗಿ ಎತ್ತಲೇ ಇಲ್ಲ. ನಾನೇ ಎತ್ತಿದೆ.

ನೇಮಕದ ಪತ್ರದಲ್ಲಿ ವಾರಕ್ಕೆ 540 ಪೌಂಡ್, ರಜೆಯ ಸಂಬಳ ಸೇರಿ, 45 ಗಂಟೆಗಳ ಕೆಲಸ, ಊಟ ವಸತಿ ಉಚಿತ ಎಂದಿತ್ತು. ನಮ್ಮ ರೂಪಾಯಿಗೆ ಗುಣಿಸಿ ನೋಡಿದರೆ ತಂದೆಗೆ ಸಂತೋಷವಾಗುವುದು ಸಹಜ. ಆದರೆ ಬ್ರಿಟನ್ನಿನ ಕನಿಷ್ಠ ವೇತನದ ಕಾನೂನಿನಲ್ಲಿ ಈ ಮೂರು ಮಾತುಗಳನ್ನೂ ಬಿಡಿಸಿ ನೋಡಬೇಕಾಗುತ್ತದೆ. 2025ರ ಏಪ್ರಿಲ್‌ನಿಂದ 21 ವರ್ಷ ತುಂಬಿದವರಿಗೆ ಗಂಟೆಗೆ 12.21 ಪೌಂಡ್ ಕನಿಷ್ಠ ವೇತನ ನಿಗದಿಯಾಗಿತ್ತು. ಊಟ ಎಷ್ಟೇ ಚೆನ್ನಾಗಿರಲಿ, ಅದರ ಬೆಲೆಯನ್ನು ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸುವಂತಿಲ್ಲ. ವಸತಿಯೊಂದನ್ನು ಮಾತ್ರ, ಅದೂ ಒಂದು ಮಿತಿಯೊಳಗೆ, ಸೇರಿಸಬಹುದು. ಆ ಮಿತಿ 2025ರಲ್ಲಿ ದಿನಕ್ಕೆ 10.66 ಪೌಂಡ್, ಅಂದರೆ ವಾರಕ್ಕೆ 74.62. ಮಾಲೀಕನು ಅರಮನೆಯಲ್ಲಿಯೇ ಇರಿಸಲಿ, ಇದಕ್ಕಿಂತ ಒಂದು ಪೆನ್ನಿಯೂ ಹೆಚ್ಚು ಹಿಡಿಯುವಂತಿಲ್ಲ.

ಇನ್ನು ರಜೆಯ ಸಂಬಳ. ಅಲ್ಲಿ ವರ್ಷಕ್ಕೆ 5.6 ವಾರಗಳ ವೇತನಸಹಿತ ರಜೆ ಶಾಸನಬದ್ಧ ಹಕ್ಕು. ವರ್ಷದ ಉಳಿದ 46.4 ವಾರಗಳಿಗೆ ಅದನ್ನು ಹಂಚಿದರೆ ಶೇ 12.07 ಬರುತ್ತದೆ. ಅನಿಯಮಿತ ಗಂಟೆಗಳ ಕೆಲಸಗಾರರಿಗೆ ಈ ಮೊತ್ತವನ್ನು ಸಂಬಳದ ಜೊತೆಗೇ, ಆದರೆ ಚೀಟಿಯಲ್ಲಿ ಪ್ರತ್ಯೇಕವಾಗಿ ತೋರಿಸಿ, ಕೊಡಲು 2024ರ ಏಪ್ರಿಲ್ ನಂತರ ಆರಂಭವಾಗುವ ರಜಾ ವರ್ಷಗಳಿಂದ ಅವಕಾಶವಿದೆ. ಆರು ವಾರದ ಈ ಕೆಲಸ ಆ ವರ್ಗಕ್ಕೆ ಸೇರುತ್ತದೆಯೇ ಎಂಬುದು ಬೇರೆ ವಾದ. ಹೇಗಿದ್ದರೂ ಅದು ರಜೆಯ ಹಣವೇ ಹೊರತು ದುಡಿದ ಗಂಟೆಗಳ ಹಣವಲ್ಲ. ಆದ್ದರಿಂದ 540ರಲ್ಲಿ 58.16 ಪೌಂಡನ್ನು ಬದಿಗಿಟ್ಟರೆ ಮೂಲ ಸಂಬಳ 481.84. ಇದಕ್ಕೆ ವಸತಿಯ 74.62 ಸೇರಿಸಿದರೆ 556.46. ಕಾನೂನಿನಂತೆ 45 ಗಂಟೆಗೆ ಸಲ್ಲಬೇಕಾದದ್ದು 549.45. ವ್ಯತ್ಯಾಸ ಏಳು ಪೌಂಡ್ ಒಂದು ಪೆನ್ನಿ.

ಅಂದರೆ ಪತ್ರವನ್ನು ಬರೆದವರು ಲೆಕ್ಕ ಬಲ್ಲವರೇ. ಪತ್ರ ಕಾನೂನುಬದ್ಧವಾಗಿಯೇ ಇದೆ. ಆದರೆ ಆ ಏಳು ಪೌಂಡನ್ನು ಗಂಟೆಗೆ ಪರಿವರ್ತಿಸಿದರೆ ವಾರಕ್ಕೆ 34 ನಿಮಿಷಗಳಾಗುತ್ತವೆ. ಇಪ್ಪತ್ತು ಮಕ್ಕಳಿರುವ ಮನೆಯಲ್ಲಿ ಏಳು ರಾತ್ರಿಗಳಿಗೆ ಸೇರಿ ಒಟ್ಟು 34 ನಿಮಿಷಗಳಿಗಿಂತ ಹೆಚ್ಚು ಹೊತ್ತು ಯಾರೂ ಬಾಗಿಲು ತಟ್ಟದಿದ್ದರೆ ಮಾತ್ರ ಈ ಸಂಬಳ ಕಾನೂನಿನೊಳಗೆ ಉಳಿಯುತ್ತದೆ.

ಹಾಗಾದರೆ ರಾತ್ರಿಯ ಗಂಟೆಗಳು ಕೆಲಸದ ಗಂಟೆಗಳೇ? ಇಲ್ಲಿ ಒಂದು ಪ್ರಮುಖ ತೀರ್ಪನ್ನು ಗಮನಿಸಬೇಕು. ಅಂಗವಿಕಲರನ್ನು ಅವರ ಮನೆಯಲ್ಲಿಯೇ ನೋಡಿಕೊಳ್ಳುತ್ತಿದ್ದ ಟಾಮ್ಲಿನ್ಸನ್-ಬ್ಲೇಕ್ ಎಂಬ ಮಹಿಳೆಗೆ ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಅಲ್ಲಿ ಮಲಗಿರುವುದಕ್ಕೆ ಒಟ್ಟು 29.05 ಪೌಂಡ್ ಕೊಡಲಾಗುತ್ತಿತ್ತು. ಒಂಬತ್ತು ಗಂಟೆಗಳಿಗೂ ಕನಿಷ್ಠ ವೇತನ ಬೇಕೆಂದು ಆಕೆ ರಾಯಲ್ ಮೆನ್‌ಕ್ಯಾಪ್ ಸಂಸ್ಥೆಯ ವಿರುದ್ಧ ಹೂಡಿದ ವ್ಯಾಜ್ಯವು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2021ರ ಮಾರ್ಚ್ 19ರಂದು ತೀರ್ಪು ಆಕೆಯ ವಿರುದ್ಧ ಬಂತು. ಮಲಗಲು ಅನುಮತಿಯಿರುವ ಪಾಳಿಯಲ್ಲಿ ನಿದ್ರಿಸಿದ ವೇಳೆ ಕೆಲಸದ ವೇಳೆಯಲ್ಲ. ಕೆಲಸಕ್ಕಾಗಿ ಎದ್ದಿದ್ದ ವೇಳೆ ಮಾತ್ರ ಕೆಲಸದ ವೇಳೆ. ಆ ತೀರ್ಪಿನಿಂದ ಮಾಲೀಕರು ನಿಟ್ಟುಸಿರು ಬಿಟ್ಟರು. ನನ್ನ ಅಭಿಪ್ರಾಯದಲ್ಲಿಯೂ ತೀರ್ಪು ವ್ಯಾವಹಾರಿಕವಾದದ್ದೇ. ಆದರೆ ಅದರ ಮೊದಲರ್ಧವನ್ನು ಓದಿದವರು ಬಹಳ, ಎರಡನೆಯ ಅರ್ಧವನ್ನು ಓದಿದವರು ಕಡಿಮೆ. ಆ ಮಹಿಳೆಯನ್ನು ಹದಿನಾರು ತಿಂಗಳುಗಳಲ್ಲಿ ರಾತ್ರಿ ಎಬ್ಬಿಸಬೇಕಾಗಿ ಬಂದದ್ದು ಆರು ಬಾರಿ ಮಾತ್ರ. ಮನೆ ಬಿಟ್ಟು ಬಂದ ಇಪ್ಪತ್ತು ಮಕ್ಕಳು ಅಷ್ಟು ಬಾರಿ ಎಬ್ಬಿಸಲು ಹದಿನಾರು ತಿಂಗಳು ತೆಗೆದುಕೊಳ್ಳುವುದಿಲ್ಲ. ಒಂದು ವಾರ ಸಾಕು.

ನಮ್ಮ ಹುಡುಗಿಯ ಬಳಿ ಒಂದು ಆಧಾರವಿತ್ತು. ಯಾವ ಮಗು ಎಷ್ಟು ಹೊತ್ತಿಗೆ ಎದ್ದಿತು, ಏನು ಕೊಡಲಾಯಿತು, ಎಷ್ಟು ಹೊತ್ತಿಗೆ ಮಲಗಿತು ಎಂಬುದನ್ನು ಮಕ್ಕಳ ಸುರಕ್ಷತೆಗಾಗಿ ಬರೆದಿಡಬೇಕೆಂದು ಶಾಲೆಯೇ ಆದೇಶಿಸಿತ್ತು. ತನ್ನ ಪುಸ್ತಕದ ಪ್ರತಿ ಪುಟವನ್ನೂ ಆಕೆ ಫೋನಿನಲ್ಲಿ ಚಿತ್ರ ತೆಗೆದಿಟ್ಟಿದ್ದಳು. ಅದರಿಂದ ಅವಳದೇ ವೇಳೆಗಳ ಪಟ್ಟಿಯನ್ನು, ಮಕ್ಕಳ ಹೆಸರುಗಳನ್ನು ಬಿಟ್ಟು, ಒಂದು ಹಾಳೆಯ ಮೇಲೆ ಇಳಿಸಿದೆವು. (ಮಕ್ಕಳ ವೈದ್ಯಕೀಯ ವಿವರಗಳಿರುವ ಪುಟಗಳನ್ನು ಹೀಗೆ ಫೋನಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಹೇಳಿ ಅಳಿಸಲು ಸೂಚಿಸಿದೆ. ಸ್ವಂತ ಗಂಟೆಗಳನ್ನು ಸ್ವಂತ ಡೈರಿಯಲ್ಲಿ ಬರೆದುಕೊಳ್ಳುವುದೇ ಕ್ರಮ.) ಆರು ವಾರಗಳ ಮೊತ್ತ 14 ಗಂಟೆ 20 ನಿಮಿಷ. ಜ್ವರದ ವಾರದಲ್ಲಿ ನಾಲ್ಕು ಗಂಟೆ ಐದು ನಿಮಿಷ. ಅತ್ಯಂತ ಶಾಂತವಾದ ವಾರದಲ್ಲಿ 50 ನಿಮಿಷ. 34 ನಿಮಿಷದೊಳಗೆ ಮುಗಿದ ವಾರ ಒಂದೂ ಇರಲಿಲ್ಲ.

ಎದ್ದಿದ್ದ ಗಂಟೆಗಳಿಗೆ 175 ಪೌಂಡ್. ಪತ್ರದಲ್ಲಿದ್ದ ಆರು ವಾರಗಳ ಅಲ್ಪ ಹೆಚ್ಚಳವನ್ನು ವಜಾ ಮಾಡಿದರೆ ಕಾನೂನಿನಂತೆ ಬರಬೇಕಾದ ಬಾಕಿ 132 ಪೌಂಡ್ 95 ಪೆನ್ನಿ. ದೊಡ್ಡ ಮೊತ್ತವಲ್ಲ. “ಇಷ್ಟಕ್ಕ ಅವರ ಜೋಡಿ ಜಗಳ ಬ್ಯಾಡ ಬಿಡ್ರಿ ಸಾಹೇಬ್ರ” ಎಂದು ತಂದೆಯವರು ಹೇಳಿದರು. ಅವರು ಸ್ವತಃ ಮೂವತ್ತು ಜನರಿಗೆ ಸಂಬಳ ಕೊಡುವವರು. ಅವರ ಸಹಾನುಭೂತಿ ಸಹಜವಾಗಿಯೇ ಮಾಲೀಕನ ಕಡೆಗಿತ್ತು.

ಮಾಲೀಕನ ಕಷ್ಟವನ್ನು ನಾನೂ ಅಲ್ಲಗಳೆಯುವುದಿಲ್ಲ. 2020ರ ಬೇಸಿಗೆಯಲ್ಲಿ ಕೋವಿಡ್ ಕಾರಣದಿಂದ ಈ ಶಾಲೆಗಳು ಬಾಗಿಲು ಹಾಕಿದ್ದವು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ, ಹಿಂದೆ ಬೇಸಿಗೆಗೆ ಸುಲಭವಾಗಿ ಬರುತ್ತಿದ್ದ ಐರೋಪ್ಯ ತರುಣ ತರುಣಿಯರು ವೀಸಾ ಇಲ್ಲದೆ ಕೆಲಸಕ್ಕೆ ಬರುವಂತಿಲ್ಲ. 2021ರ ಅಕ್ಟೋಬರ್‌ನಿಂದ ಆ ದೇಶಗಳ ಮಕ್ಕಳೂ ಗುರುತಿನ ಚೀಟಿಯ ಬದಲು ಪಾಸ್‌ಪೋರ್ಟು ತರಬೇಕಾಯಿತು. 2025ರ ಏಪ್ರಿಲ್‌ನಿಂದ ಮುಂಗಡ ಪ್ರಯಾಣ ಅನುಮತಿಯೂ ಬೇಕಾಯಿತು. ಅದೇ ತಿಂಗಳು ಮಾಲೀಕರು ಕಟ್ಟುವ ರಾಷ್ಟ್ರೀಯ ವಿಮೆಯ ವಂತಿಗೆ ಶೇ 13.8ರಿಂದ ಶೇ 15ಕ್ಕೆ ಏರಿತು, ಮತ್ತು ವಂತಿಗೆ ಆರಂಭವಾಗುವ ವಾರ್ಷಿಕ ಸಂಬಳದ ಮಿತಿ 9,100 ಪೌಂಡಿನಿಂದ 5,000ಕ್ಕೆ ಇಳಿಯಿತು. ಎಂಟು ವಾರದಲ್ಲಿ ವರ್ಷದ ದುಡಿಮೆ ಮಾಡಬೇಕಾದ ಉದ್ಯಮಕ್ಕೆ ಇವೆಲ್ಲ ಸಣ್ಣ ಹೊಡೆತಗಳಲ್ಲ.

ಆದರೂ ರಾತ್ರಿಯ ಗಂಟೆಗಳನ್ನು ಲೆಕ್ಕಕ್ಕೆ ತಂದರೆ ಆಗುವ ಹೊರೆ ಎಷ್ಟೆಂದು ನೋಡಬೇಕಲ್ಲವೇ? ಪ್ರತಿ ರಾತ್ರಿಗೆ ಒಂದು ಗಂಟೆಯಂತೆ ಧಾರಾಳವಾಗಿಯೇ ಹಿಡಿಯೋಣ. ವಾರಕ್ಕೆ ಏಳು ಗಂಟೆ, 85.47 ಪೌಂಡ್. ಶೇ 12.07 ರಜೆಯ ಸಂಬಳ ಸೇರಿಸಿದರೆ 95.79. ಅದರ ಮೇಲೆ ಶೇ 15 ವಿಮಾ ವಂತಿಗೆ ಸೇರಿಸಿದರೆ 110 ಪೌಂಡ್ ಚಿಲ್ಲರೆ. ಇಪ್ಪತ್ತು ಮಕ್ಕಳಿಗೆ ಹಂಚಿದರೆ ಮಗುವೊಂದಕ್ಕೆ ವಾರಕ್ಕೆ ಐದೂವರೆ ಪೌಂಡ್. ಸಾವಿರ ಪೌಂಡ್ ಶುಲ್ಕಕ್ಕೆ ಇದು ಶೇಕಡ ಒಂದರಷ್ಟೂ ಆಗಲಿಲ್ಲ. ತನ್ನ ಮಗು ರಾತ್ರಿ ಅತ್ತರೆ ಎದ್ದು ಬರಲು ಸಂಬಳ ಪಡೆಯುವ ಒಬ್ಬರು ಅಲ್ಲಿದ್ದಾರೆ ಎಂಬ ಖಾತರಿಗೆ ಐದೂವರೆ ಪೌಂಡ್ ಕೊಡಲು ಯಾವ ತಾಯಿ ಚೌಕಾಶಿ ಮಾಡಿಯಾಳು? ಇದು ಮುಚ್ಚಿಡಬೇಕಾದ ವೆಚ್ಚವಲ್ಲ, ಶುಲ್ಕದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಿಸಬೇಕಾದ ಸೇವೆ ಎಂಬುದೇ ನನ್ನ ವಾದ.

ಬ್ರಿಟಿಷ್ ಕೌನ್ಸಿಲ್ ಈ ಶಾಲೆಗಳಿಗೆ ಮಾನ್ಯತೆ ಕೊಡುವಾಗ ಬೋಧನೆಯನ್ನಷ್ಟೇ ಅಲ್ಲದೆ ವಿದ್ಯಾರ್ಥಿಗಳ ಕ್ಷೇಮವನ್ನೂ ಹದಿನೆಂಟರೊಳಗಿನವರ ಸುರಕ್ಷತೆಯನ್ನೂ ಪರಿಶೀಲಿಸುತ್ತದೆ. ಅದು ಒಳ್ಳೆಯದೇ. ಆದರೆ ಮರುದಿನ ಬೆಳಗ್ಗೆ ಏಳಕ್ಕೆ ಇಪ್ಪತ್ತು ಮಕ್ಕಳನ್ನು ಎಬ್ಬಿಸಿ ಲಂಡನ್ ಪ್ರವಾಸಕ್ಕೆ ಹೊರಡಿಸಬೇಕಾದವಳು ಮೂರು ಗಂಟೆ ಮಾತ್ರ ನಿದ್ದೆ ಮಾಡಿದ್ದಾಳೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಇಲ್ಲದಿದ್ದರೆ, ಆಕೆಗೆ ಆ ದಿನ ಬದಲಿ ಪಾಳಿ ಕೊಡಬೇಕೆಂದು ವ್ಯವಸ್ಥಾಪಕನಿಗೆ ಹೊಳೆಯುವುದಾದರೂ ಹೇಗೆ? ದಿನಕ್ಕೆ 11 ಗಂಟೆಗಳ ಸತತ ವಿಶ್ರಾಂತಿ ಅಲ್ಲಿಯ 1998ರ ಕೆಲಸದ ವೇಳೆಯ ನಿಯಮಗಳಲ್ಲಿಯೇ ಇದೆ. ಕೆಲಸದ ಅಗತ್ಯದಿಂದ ಅದು ತಪ್ಪಿದರೆ ಬೇರೆ ಹೊತ್ತಿನಲ್ಲಿ ತುಂಬಿಕೊಡಬೇಕು. ಬರೆಯದ ಗಂಟೆಗೆ ಹಣವೂ ಇಲ್ಲ, ವಿಶ್ರಾಂತಿಯೂ ಇಲ್ಲ. ಕೊನೆಗೆ ತೊಂದರೆಗೆ ಸಿಲುಕುವುದು ಬಸ್ಸಿನಲ್ಲಿ ತಲೆ ಎಣಿಸುವಾಗ ತೂಕಡಿಸಿದವಳ ಕೈಕೆಳಗಿನ ಮಕ್ಕಳು.

ಈ ಲೆಕ್ಕ ಹಾಕುತ್ತಿದ್ದಾಗ ನಾನು ಬಿ.ಕಾಂ. ಓದುತ್ತಿದ್ದ ಕಾಲದ ಹಾಸ್ಟೆಲ್ಲಿನ ವಾರ್ಡನ್ನರು ನೆನಪಾದರು. ಹುಡುಗರಿಗೆ ಜ್ವರ ಬಂದರೆ ಮಧ್ಯರಾತ್ರಿ ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಿದ್ದರು. ಅವರಿಗೆ ಉಚಿತ ಕೋಣೆ ಕೊಟ್ಟಿದ್ದೇವೆಂದು ಆಡಳಿತ ಮಂಡಳಿಯವರು ಪ್ರತಿ ವಾರ್ಷಿಕ ಸಭೆಯಲ್ಲಿಯೂ ನೆನಪಿಸುತ್ತಿದ್ದರು. ನಮ್ಮ ಓದುಗರಲ್ಲಿಯೂ ಗೋದಾಮಿನ ಕಾವಲುಗಾರನಿಗೆ, ಖಾನಾವಳಿಯ ಹುಡುಗರಿಗೆ, ಮಿಲ್ಲಿನ ಹಮಾಲರಿಗೆ ಕೋಣೆ ಕೊಟ್ಟು ಅದನ್ನೇ ಸಂಬಳದ ಭಾಗವೆಂದು ಭಾವಿಸಿದವರು ಇಲ್ಲದಿಲ್ಲ. ಅಂಥವರು 2025ರ ನವೆಂಬರ್ 21ರಿಂದ ನಮ್ಮಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ವಸತಿಯ ಮೌಲ್ಯವನ್ನು ವೇತನದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಆ ವಿಷಯಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಮಕ್ಕಳನ್ನು ಬ್ರಿಟನ್ನಿಗೆ ಓದಲು ಕಳುಹಿಸಿರುವ ಸದಸ್ಯರ ಗಮನಕ್ಕೆ ಇನ್ನೊಂದು ಮಾತು ಅವಶ್ಯ. ಈ ಬೇಸಿಗೆ ಕೆಲಸ ಒಳ್ಳೆಯ ಅನುಭವವೆಂಬುದರಲ್ಲಿ ಸಂಶಯವಿಲ್ಲ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳು ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಪೂರ್ಣಾವಧಿ ಕೆಲಸಕ್ಕೆ ಅವಕಾಶವಿರುವುದು ರಜೆಯಲ್ಲಿ. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನವರು ಜುಲೈ, ಆಗಸ್ಟ್ ತಿಂಗಳುಗಳನ್ನು ರಜೆಯೆಂದು ತಿಳಿದು ಮೋಸಹೋಗುತ್ತಾರೆ. ಪ್ರಬಂಧ ಬರೆಯುವ ಆ ತಿಂಗಳುಗಳು ಸಾಮಾನ್ಯವಾಗಿ ಅವರ ಪಾಲಿಗೆ ತರಗತಿಯ ಅವಧಿಯೇ. ವಾರಕ್ಕೆ 45 ಗಂಟೆಗಳ ಈ ಕೆಲಸವನ್ನು ಆಗ ಒಪ್ಪಿಕೊಂಡರೆ ವೀಸಾ ರದ್ದಾಗುವ ಅಪಾಯವಿದೆ. ಆರು ವಾರದ ಸಂಬಳಕ್ಕಾಗಿ ಲಕ್ಷಾಂತರ ರೂಪಾಯಿಗಳ ಓದನ್ನು ಪಣಕ್ಕಿಟ್ಟಂತೆ. ಮೊದಲು ವಿಶ್ವವಿದ್ಯಾಲಯದಿಂದ ಅವಧಿಯ ದಿನಾಂಕಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ನಮ್ಮ ಹುಡುಗಿ ಓದು ಮುಗಿಸಿ ಪದವೀಧರ ವೀಸಾ ಪಡೆದ ಮೇಲೆ ಈ ಕೆಲಸಕ್ಕೆ ಸೇರಿದ್ದರಿಂದ ಆ ತೊಡಕಿರಲಿಲ್ಲ. ಮಕ್ಕಳೊಡನೆ ಮಾಡುವ ಕೆಲಸವಾದ್ದರಿಂದ ಅಪರಾಧ ಹಿನ್ನೆಲೆಯ ವಿಸ್ತೃತ ಪರಿಶೀಲನೆಯೂ ಶಿಫಾರಸು ಪತ್ರಗಳೂ ಬೇಕಾಗುತ್ತವೆ, ಭಾರತದ ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳುವುದುಂಟು. ಅದಕ್ಕೆ ತಗಲುವ ವೇಳೆಯನ್ನು ನೆನೆದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿಯೇ ಸಿದ್ಧತೆ ಆರಂಭಿಸುವುದು ಕ್ಷೇಮ.

ಜನವರಿಯಲ್ಲಿ ಆಕೆ ಶಾಲೆಯ ಲೆಕ್ಕ ವಿಭಾಗಕ್ಕೆ ಒಂದು ಪುಟದ ಪತ್ರ ಬರೆದಳು. ಕರಡನ್ನು ನಾನೇ ತಿದ್ದಿದೆ. ಆರೋಪವಿಲ್ಲ, ಬೆದರಿಕೆಯಿಲ್ಲ, ಗಂಟೆಗಳ ಪಟ್ಟಿ, ದರ, ಮೊತ್ತ ಅಷ್ಟೇ. ಸರಿಹೋಗದಿದ್ದರೆ ಅಲ್ಲಿಯ ಏಕಾಸ್ ಎಂಬ ಸಾರ್ವಜನಿಕ ಸಂಸ್ಥೆಯಿಂದ ಉಚಿತ ಸಲಹೆ ಪಡೆಯಬಹುದೆಂದು ತಿಳಿಸಿದ್ದೆ, ಅದರ ಅಗತ್ಯ ಬೀಳಲಿಲ್ಲ. ಮೂರು ವಾರಗಳ ನಂತರ 175 ಪೌಂಡ್ ಖಾತೆಗೆ ಜಮೆಯಾಯಿತು. ಜೊತೆಗೆ ಬಂದ ಚೀಟಿಯಲ್ಲಿ ಆ ಮೊತ್ತವನ್ನು ವೇತನವೆಂದು ತೋರಿಸಿರಲಿಲ್ಲ, ಸದ್ಭಾವನೆಯ ಪಾವತಿ ಎಂದಿತ್ತು. ನಮೂದು ತಪ್ಪು, ಇದು ವೇತನದ ಬಾಕಿ, ತಿದ್ದಿಸು ಎಂದೆ. “ರೊಕ್ಕ ಬಂತಲ್ಲ ಕಾಕಾ” ಎಂದು ಆಕೆ ಫೋನಿನಲ್ಲಿ ನಕ್ಕಳು.

2026ರ ಬೇಸಿಗೆಗೆ ಅದೇ ಶಾಲೆಯಿಂದ ಮತ್ತೆ ನೇಮಕದ ಪತ್ರ ಬಂತು. ಅದರ ಪ್ರತಿ ನನ್ನ ಬಳಿಯಿದೆ. ಗಂಟೆಯ ದರ ಆ ವರ್ಷದ ಏಪ್ರಿಲ್‌ನ ಹೊಸ ಕನಿಷ್ಠ ವೇತನಕ್ಕೆ, ಅಂದರೆ 12.71 ಪೌಂಡಿಗೆ, ಹೊಂದುವಂತೆ ಏರಿದೆ. ಹಳೆಯ ಪತ್ರದಲ್ಲಿಲ್ಲದ ಒಂದು ಸಾಲು ಹೊಸದಾಗಿ ಸೇರಿದೆ: ರಾತ್ರಿ ಎದ್ದ ವೇಳೆಯನ್ನು ಬರೆದು ಮರುದಿನ ಬೆಳಗ್ಗೆ ವ್ಯವಸ್ಥಾಪಕರ ಸಹಿ ಪಡೆಯತಕ್ಕದ್ದು. ಅದಕ್ಕೆ ಹಣ ಕೊಡಲಾಗುವುದೆಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಸಹಿ ಹಾಕುವ ಮುನ್ನ ಆ ಒಂದು ಪ್ರಶ್ನೆಯನ್ನು ಕೇಳಿ ಬರೆಯಲು ಹೇಳಿದ್ದೇನೆ.